ಮುಳ್ಳಿನ ಕೋಟೆಗಳು

ಬೇಲಿಯನ್ನು ಕುರಿತ ನಮ್ಮ ಗಾದೆಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು, ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ. ಕಾಯಬೇಕಾದವನೇ ಕೊಳ್ಳೆ ಹೊಡೆಯಲು ನಿಂತಾಗ ಇದನ್ನು ನೆನೆಯುತ್ತೇವೆ. ಶಿವಶರಣರಿಂದ ಹಿಡಿದು ಇಂದಿನ ಪತ್ರಿಕೆಗಳ ಅಗ್ರಲೇಖನಗಳವರೆಗೆ ಇದು ಸವೆಯದ ನಾಣ್ಯವಾಗಿ ನಡೆದುಬಂದಿದೆ. ಪಟ್ಟಣವಾಸಿಗಳಾದ ನಮಗೆ ಇದೊಂದು ಅಲಂಕಾರ. ನಡೆಯಲಾರದ್ದು ನಡೆಯಿತೆಂದು ಸೂಚಿಸುವ ಮಾತಿನ ಚಮತ್ಕಾರ. ಆದರೆ ಈ ಮಾತನ್ನು ಮೊದಲು ಆಡಿದ ಒಕ್ಕಲಿಗನಿಗೆ ಇದು ಅಲಂಕಾರವಾಗಿರಲಾರದೆಂದು ನನಗೆ ತೋರುತ್ತದೆ. ಅವನ ಬೇಲಿ ಕಲ್ಲಿನದಲ್ಲ, ತಂತಿಯದಲ್ಲ. ಬೇರೂರಿ ಬೆಳೆಯುವ ಗಿಡ. ಎರಡು ಮಳೆಗಾಲ ಅದನ್ನು ಸವರದೆ ಬಿಟ್ಟರೆ ಗೇಣುಗೇಣಾಗಿ ಹೊಲದೊಳಕ್ಕೆ ಸರಿಯುತ್ತದೆ, ಮಣ್ಣಿನ ಸಾರವನ್ನು ಹೀರುತ್ತದೆ, ನೆರಳು ಚೆಲ್ಲಿ ಒಂದು ಸಾಲು ಪೈರನ್ನು ಕುಂಠಿಸುತ್ತದೆ. ಬೇಲಿ ಹೊಲವನ್ನು ಮೇಯುವುದನ್ನು ಅವನು ವರ್ಷವರ್ಷವೂ ಕಣ್ಣಾರೆ ಕಂಡಿದ್ದ.

ಇಂದು ನಾನು ಹೇಳಹೊರಟಿರುವುದು ಇಂಥ ಜೀವಂತ ಬೇಲಿಗಳ ಕಥೆಯನ್ನು. ಕಲ್ಲಿನ ಕೋಟೆಗಳ ಇತಿಹಾಸವನ್ನು ನಾವು ಬಲ್ಲೆವು. ಅವುಗಳಿಗೆ ಶಾಸನಗಳುಂಟು, ಕಟ್ಟಿಸಿದವರ ಹೆಸರುಂಟು, ಈಗ ಪುರಾತತ್ತ್ವ ಇಲಾಖೆಯ ನೀಲಿ ಫಲಕವೂ ಉಂಟು. ಮುಳ್ಳಿನ ಕೋಟೆಗಳಿಗೆ ಇವು ಯಾವುವೂ ಇಲ್ಲ. ಆದರೂ ಈ ನಾಡಿನ ಬಹುಪಾಲು ಜನ, ಬಹುಕಾಲ, ನೆಚ್ಚಿ ಬಾಳಿದ್ದು ಮುಳ್ಳನ್ನೇ ಹೊರತು ಕಲ್ಲನ್ನಲ್ಲ.

ಕನ್ನಡ ಮೇಷ್ಟರಾಗಿದ್ದವನಿಗೆ ಶಬ್ದವನ್ನು ಮುಟ್ಟದೆ ಮುಂದೆ ಹೋಗುವುದು ಕಷ್ಟ. ನಮ್ಮ ಬೇಲಿ ತಮಿಳಿನಲ್ಲಿ ವೇಲಿ. ತಂಜಾವೂರು ಸೀಮೆಯಲ್ಲಿ ವೇಲಿಯೆಂದರೆ ಬೇಲಿ ಮಾತ್ರವಲ್ಲ, ಸುಮಾರು ಆರೂವರೆ ಎಕರೆಯ ಭೂಮಾನವೂ ಹೌದು. ಸುತ್ತ ಕಟ್ಟಿದ್ದರ ಹೆಸರೇ ಒಳಗಿನ ನೆಲಕ್ಕೆ ನಿಂತಿತು. ನಮ್ಮಲ್ಲಿಯೂ ಹೀಗೆಯೇ ಆಗಿದೆ. ದನಗಳನ್ನು ಕೂಡುವ ಬೇಲಿಯ ಆವರಣ ದೊಡ್ಡಿ. ರಾಮನಗರ, ಕನಕಪುರಗಳ ಕಡೆ ಊರಿಗೆ ಊರೇ ದೊಡ್ಡಿಯಾಗಿದೆ. ಗೊಲ್ಲರ ಹಟ್ಟಿಗಳದೂ ಇದೇ ಮಾತು. ಇನ್ನೊಂದು ವಿಶೇಷವನ್ನು ನೋಡಿ. ಬೇಲಿಗೆ ನಾಡಿನುದ್ದಕ್ಕೂ ಹೆಸರು ಒಂದೇ. ಬೇಲಿಯಲ್ಲಿ ಬಿಟ್ಟ ದಾರಿಗೆ ಸೀಮೆಗೊಂದು ಹೆಸರು. ಮಲೆನಾಡಿನಲ್ಲಿ ಗಳಗಳನ್ನು ಸರಿಸಿ ದಾಟುವುದು ಉಣುಗೋಲು, ಹತ್ತಿ ಇಳಿಯುವುದು ತಡಬೆ. ದಕ್ಷಿಣ ಕನ್ನಡದಲ್ಲಿ ಅದು ತಡಮೆ. ಸಾಗರ, ಸಿರಸಿಗಳ ಕಡೆ ದಣಪೆ. ನಮ್ಮ ಬಯಲುಸೀಮೆಯಲ್ಲಿ ಬರಿಯ ಕಂಡಿ. ದನಕ್ಕೆ ಅಡ್ಡವಾಗಬೇಕು, ಮನುಷ್ಯನಿಗೆ ಆಗಬಾರದು ಎಂಬುದು ಈ ಎಲ್ಲ ಹೆಸರುಗಳ ಹಿಂದಿರುವ ವಿವೇಕ. ಎಲ್ಲ ಮನುಷ್ಯರಿಗೂ ಹಾಗೆಯೇ ಇತ್ತೆ ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬೇಲಿಯ ಗಿಡಗಳ ಪಟ್ಟಿ ಕೊಡಲು ಹೊರಟರೆ ಈ ಹದಿನೈದು ನಿಮಿಷ ಸಾಲದು. ಲಕ್ಕಿ, ಸೀಗೆ, ಗಜ್ಜುಗ, ಕಾಡುಹರಳು, ಕತ್ತಾಳೆ, ಹಾಲುಸುರಿಸುವ ನಾನಾ ಬಗೆಯ ಕಳ್ಳಿ, ಇಷ್ಟು ಹೇಳಿದರೆ ಸಾಕು. ಇವುಗಳಿಗೆಲ್ಲ ಸಮಾನವಾದ ಒಂದು ಗುಣವುಂಟು: ದನ ಬಾಯಿ ಹಾಕುವುದಿಲ್ಲ. ಮುಳ್ಳಿಗಾಗಿಯೋ ಕಹಿಗಾಗಿಯೋ ಹಾಲಿನ ನಂಜಿಗಾಗಿಯೋ, ಯಾರಿಗೂ ಬೇಡವಾದದ್ದನ್ನೇ ನಮ್ಮ ಹಿರಿಯರು ಕಾವಲಿಗೆ ನಿಲ್ಲಿಸಿದರು. ಸೀಗೆಯಂಥದು ಮಾತ್ರ ಇದಕ್ಕೆ ಹೊರತು: ಅದು ಹೊಲವನ್ನೂ ಕಾಯುತ್ತಿತ್ತು, ಮನೆಯ ಹೆಂಗಸರ ತಲೆಗೂದಲನ್ನೂ ಕಾಯುತ್ತಿತ್ತು.

ಈ ಹೊಲದ ಬೇಲಿಯೇ ದೊಡ್ಡದಾಗಿ ಊರನ್ನು ಸುತ್ತಿದಾಗ ಅದು ಕೋಟೆಯಾಗುತ್ತಿತ್ತು. ಹದಿನೆಂಟನೆಯ ಶತಮಾನದ ಕನ್ನಡ ನಾಡಿನಲ್ಲಿ ಒಂದಲ್ಲ ಒಂದು ದಂಡು ಸದಾ ನಡೆಯುತ್ತಲೇ ಇತ್ತು. ದಂಡಿನ ಹಿಂದೆ ಸುಲಿಗೆಯ ಕುದುರೆಯವರು. ಕುದುರೆಗೆ ಕಲ್ಲಿನ ಗೋಡೆಗಿಂತಲೂ ಭಯ ಮುಳ್ಳಿನದು. ಮಣ್ಣಿನ ಗೋಡೆಗೆ ತೋಪು ಹಾರಿಸಿದರೆ ಕುಸಿಯುತ್ತದೆ. ಮುಳ್ಳಿನ ಮೆಳೆಗೆ ಹಾರಿಸಿದರೆ ಗುಂಡು ಒಳಗೆಲ್ಲೋ ಹೋಗಿ ಅಡಗುತ್ತದೆ, ಮೆಳೆ ಹಾಗೆಯೇ ನಿಂತಿರುತ್ತದೆ. ಹಸಿರಾಗಿರುವಾಗ ಬೆಂಕಿಯೂ ಬೇಗ ಹಿಡಿಯದು. ಇಂಗ್ಲಿಷರ ಯುದ್ಧವೃತ್ತಾಂತಗಳಲ್ಲಿ ಊರ ಎಲ್ಲೆಯ ಈ ಮುಳ್ಳುಬೇಲಿಗೆ ಒಂದು ಪ್ರತ್ಯೇಕ ಪಾರಿಭಾಷಿಕ ಪದವೇ ಹುಟ್ಟಿಕೊಂಡಿತು. 1760ರಲ್ಲಿ ಪುದುಚೇರಿಯನ್ನು ಮುತ್ತಿದ ಐರ್ ಕೂಟ್, ಫ್ರೆಂಚರ ಕೋಟೆಗೆ ಕೈಹಾಕುವ ಮೊದಲು ಆ ಪಟ್ಟಣವನ್ನು ದೂರದಲ್ಲಿ ಬಳಸಿದ್ದ ಮುಳ್ಳುಬೇಲಿಯನ್ನು ಹಿಡಿಯಬೇಕಾಯಿತು.

ಬೆಂಗಳೂರಿನ ಸಂಗತಿ ನಮಗೆ ಹೆಚ್ಚು ಹತ್ತಿರದ್ದು. 1791ರ ಮಾರ್ಚ್ 7ರಂದು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಪೇಟೆಯ ಮೇಲೆ ಬಿದ್ದಾಗ, ಪೇಟೆಯ ಮಣ್ಣಿನ ಗೋಡೆ ಅಂಥ ಬಲವಾದದ್ದೇನೂ ಆಗಿರಲಿಲ್ಲ. ಬಲವಾಗಿದ್ದದ್ದು ಕಂದಕ, ಮತ್ತು ಕಂದಕಕ್ಕೂ ಗೋಡೆಗೂ ನಡುವೆ ಸುಮಾರು ನೂರು ಗಜ ಅಗಲಕ್ಕೆ ಬೆಳೆಸಿದ್ದ ಮುಳ್ಳಿನ ಮೆಳೆ. ಅದರೊಳಗೆ ಮನುಷ್ಯ ನುಸುಳುವಂತಿರಲಿಲ್ಲವೆಂದು ಅಂದಿನ ಬರೆಹಗಳು ಹೇಳುತ್ತವೆ. ಹೀಗಾಗಿ ಅವರು ಬಾಗಿಲನ್ನೇ ಒಡೆಯಬೇಕಾಯಿತು. ಆ ಬಾಗಿಲಲ್ಲಿ ಮೂರ್‌ಹೌಸ್ ಎಂಬ ಹಿರಿಯ ಅಧಿಕಾರಿ ಸತ್ತ. ಇಂದು ಬೆಂಗಳೂರಿನ ಕಲ್ಲಿನ ಕೋಟೆಯ ಒಂದು ಬಾಗಿಲನ್ನಾದರೂ ಮಕ್ಕಳಿಗೆ ತೋರಿಸಬಹುದು. ಆ ನೂರು ಗಜದ ಮುಳ್ಳು ಎಲ್ಲಿತ್ತೆಂದು ತೋರಿಸಲು, ಅವೆನ್ಯೂ ರಸ್ತೆಯ ಜನಜಂಗುಳಿಯಲ್ಲಿ ನಿಂತು, ನನ್ನಿಂದಲೂ ಆಗಿಲ್ಲ.

ಮರುವರ್ಷ ಶ್ರೀರಂಗಪಟ್ಟಣದಲ್ಲಿಯೂ ಹೀಗೆಯೇ. ಕಾವೇರಿಯ ಉತ್ತರದ ದಡದಲ್ಲಿ ವಿಶಾಲವಾದ ನೆಲವನ್ನು ಮುಳ್ಳುಬೇಲಿಯಿಂದ ಬಳಸಿ, ಅದರೊಳಗೆ ಟಿಪ್ಪೂ ಸುಲ್ತಾನನ ಪಾಳೆಯ ಬಿಟ್ಟಿತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್ ತೋಪುಗಳನ್ನು ಹಿಂದೆ ಬಿಟ್ಟು, ಕಾಲಾಳುಗಳನ್ನು ಮೂರು ಭಾಗ ಮಾಡಿ ಬೇಲಿಯ ಮೇಲೆ ಬಿಟ್ಟ. ಬೇಲಿ ದಾಟಿತು, ಮುಂದಿನ ಕಥೆ ತಮಗೆ ತಿಳಿದದ್ದೇ. ನಾನು ಇಲ್ಲಿ ಗಮನ ಸೆಳೆಯಬಯಸುವುದು ಒಂದು ಚಿಕ್ಕ ವಿಷಯಕ್ಕೆ: ಬೇಲಿ ದಾಟಿದ ಆ ಇಂಗ್ಲಿಷ್ ಅಧಿಕಾರಿಗಳ ಕೆಂಪು ಅಂಗಿಗೆ. ಆ ಉಜ್ಜ್ವಲವಾದ ಕೆಂಪು ಬಂದದ್ದು ಒಂದು ಹುಳುವಿನಿಂದ. ಆ ಹುಳು ಬದುಕುವುದು ಕಳ್ಳಿಯ ಮೇಲೆ. ನಮ್ಮ ಬೇಲಿಯ ಚರಿತ್ರೆಯಲ್ಲಿ ಅತ್ಯಂತ ವಿಚಿತ್ರವಾದ ಅಧ್ಯಾಯ ಇಲ್ಲಿಂದ ಆರಂಭವಾಗುತ್ತದೆ.

ಪಾಪಾಸುಕಳ್ಳಿಯನ್ನು ತಾವೆಲ್ಲ ಕಂಡಿರಬಹುದು. ಕಾಂಡವೂ ಎಲೆಯೂ ಒಂದೇ ಆಗಿ, ಅಂಗೈಯಗಲದ ದಪ್ಪ ಹಾಳೆಗಳು ಒಂದರ ಮೇಲೊಂದು ಹುಟ್ಟಿಕೊಂಡ ಗಿಡ. ಹಳದಿ ಹೂವು, ಕಡುಗೆಂಪು ಹಣ್ಣು. ಪಾಪಾಸು ಎಂದರೆ ಪಾದರಕ್ಷೆ, ಪಾರಸಿಯಿಂದ ಬಂದ ಮಾತು. ತಮಿಳರು ಇದನ್ನು ಸಪ್ಪಾತ್ತುಕಳ್ಳಿ ಎನ್ನುತ್ತಾರೆ. ಸಪ್ಪಾತ್ತು ಎಂದರೂ ಪಾದರಕ್ಷೆಯೇ, ಆದರೆ ಅದು ಪೋರ್ಚುಗೀಸರ ಮಾತು. ಹಿಂದಿಯವರಿಗೆ ಇದು ನಾಗಫಣಿ, ಹಾವಿನ ಹೆಡೆ. ಉತ್ತರದವರು ಹೆಡೆ ಕಂಡಲ್ಲಿ ನಾವೂ ತಮಿಳರೂ ಕೆರದ ಅಟ್ಟೆಯನ್ನು ಕಂಡೆವು. ಹೆಸರು ಎರವಲು ಎಂಬುದೇ ಗಿಡವೂ ಎರವಲು ಎಂಬುದಕ್ಕೆ ಸಾಕ್ಷಿ. ಇದರ ತೌರು ಅಮೆರಿಕ ಖಂಡ. ಯೂರೋಪಿನವರ ಹಡಗುಗಳು ಬಂದಮೇಲೆ ಬಂದದ್ದು. ಮೆಣಸಿನಕಾಯಿಯ ಹಾಗೆ ಬಂದು, ಮೆಣಸಿನಕಾಯಿಯ ಹಾಗೆಯೇ ನಮ್ಮದಾಗಿಬಿಟ್ಟದ್ದು. ಒಂದು ಹಾಳೆ ಮುರಿದು ಬಿದ್ದರೆ ಬಿದ್ದಲ್ಲಿಯೇ ಬೇರು ಬಿಡುತ್ತದೆ. ನೀರು ಬೇಡ, ಗೊಬ್ಬರ ಬೇಡ, ಕಾವಲು ಬೇಡ. ಬಯಲುಸೀಮೆಯ ರೈತನಿಗೆ ಇದಕ್ಕಿಂತ ಒಳ್ಳೆಯ ಬೇಲಿ ಎಲ್ಲಿ ಸಿಕ್ಕೀತು?

ಅದೇ ಕಾಲದಲ್ಲಿ ಮದರಾಸಿನ ಕುಂಪಣಿ ಸರ್ಕಾರದಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಹಿರಿಯ ವೈದ್ಯನಿದ್ದ. ಔಷಧಿಗಿಂತ ಹೆಚ್ಚಾಗಿ ಗಿಡಗಳ ಹುಚ್ಚು ಹಿಡಿದವನು. ಮೆಕ್ಸಿಕೋ ದೇಶದ ಕಳ್ಳಿಯ ಮೇಲೆ ಬೆಳೆಯುವ ಹುಳುವನ್ನು ಒಣಗಿಸಿ ತೆಗೆಯುವ ಕೆಂಪು, ನಮ್ಮವರು ಕಿರಮಂಜಿ ಎನ್ನುವ ಬಣ್ಣ, ಆಗ ಸ್ಪೇನಿನವರ ಏಕಸ್ವಾಮ್ಯದಲ್ಲಿತ್ತು. ಆ ವ್ಯಾಪಾರದಲ್ಲಿ ಅವರಿಗೆ ಬರುತ್ತಿದ್ದ ಹಣ ಬೆಳ್ಳಿಯ ಗಣಿಗಳನ್ನು ನೆನಪಿಸುವಂತಿತ್ತು. 1786ರಲ್ಲಿ ಮದರಾಸಿನ ಹುಲ್ಲಿನ ಮೇಲೆ ಅಂಥದೇ ಒಂದು ಹುಳುವನ್ನು ಕಂಡ ಆಂಡರ್ಸನ್, ಲಂಡನ್ನಿನ ಪ್ರಸಿದ್ಧ ಸಸ್ಯಪ್ರೇಮಿ ಜೋಸೆಫ್ ಬ್ಯಾಂಕ್ಸನಿಗೆ ಪತ್ರದ ಮೇಲೆ ಪತ್ರ ಬರೆದ. ಹುಲ್ಲಿನ ಹುಳು ಪ್ರಯೋಜನಕ್ಕೆ ಬರಲಿಲ್ಲ; ಆದರೆ ಆಸೆ ಬೆಳೆಯಿತು. ಕುಂಪಣಿಯ ಹಣದಿಂದ ಮದರಾಸಿನಲ್ಲಿ ಒಂದು ಕಳ್ಳಿಯ ತೋಟವೇ ಎದ್ದಿತು. ಇಂಗ್ಲೆಂಡಿನ ಕ್ಯೂ ತೋಟದಿಂದ ಒಳ್ಳೆಯ ಜಾತಿಯ ಕಳ್ಳಿ ಬಂತು. ನಮ್ಮ ರೈತ ಹೊಲದ ಅಂಚಿಗೆ ತಳ್ಳಿದ ಗಿಡವನ್ನು ಸರ್ಕಾರ ಪಾತಿ ಮಾಡಿ ಬೆಳೆಸಿತು. ಇಲ್ಲದೆ ಇದ್ದದ್ದು ಒಂದೇ, ಹುಳು.

1795ರಲ್ಲಿ ಹುಳುವೂ ಬಂತು. ನೀಲ್ಸನ್ ಎಂಬ ಕ್ಯಾಪ್ಟನ್ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ಬಂದರಿನಲ್ಲಿ ಹುಳು ಹತ್ತಿದ ಕಳ್ಳಿಯನ್ನು ಕಂಡು ಹಡಗಿನಲ್ಲಿ ತಂದ. ದಾರಿಯಲ್ಲಿ ಬಹಳಷ್ಟು ಸತ್ತು, ಅಳಿದುಳಿದ ಹುಳುಗಳು ಕಲ್ಕತ್ತೆಯನ್ನು ಮುಟ್ಟಿದವು. ತೋಟದಲ್ಲಿ ಉಪಚಾರದಿಂದ ಬೆಳೆಸಿದ್ದ ಪರದೇಶದ ಕಳ್ಳಿಯ ಮೇಲೆ ಬಿಟ್ಟರೆ ಅವು ನಿಲ್ಲಲಿಲ್ಲ. ಬೇಲಿಸಾಲಿನ ಸಾಮಾನ್ಯ ಕಳ್ಳಿಯ ಮೇಲೆ ಬಿಟ್ಟರೆ ಹಬ್ಬದೂಟ ಮಾಡಿದವು! ಆದರೆ ಬಂದದ್ದು ಮೆಕ್ಸಿಕೋದ ಸಾಕಿದ ಹುಳುವಲ್ಲ, ಅದರ ಕಾಡು ದಾಯಾದಿ. ಬಣ್ಣ ಕಡಿಮೆ, ಮೈಮೇಲೆ ಅಂಟು ಹತ್ತಿ ಹೆಚ್ಚು. ಲಂಡನ್ನಿನ ಪೇಟೆಯಲ್ಲಿ ಅದಕ್ಕೆ ಬೆಲೆ ಹುಟ್ಟಲಿಲ್ಲ. ಕೆಲವೇ ವರ್ಷಗಳಲ್ಲಿ ಕುಂಪಣಿ ಕೈಚೆಲ್ಲಿತು. ಮದರಾಸಿನ ಕಳ್ಳಿತೋಟ ಮುಚ್ಚಿತು. ಮುಂದೆ 1856ರಿಂದ ರಾಸಾಯನಿಕ ಬಣ್ಣಗಳ ಯುಗ ಆರಂಭವಾಗಿ ಕಿರಮಂಜಿಯ ರಾಜ್ಯವೇ ಅಳಿಯಿತು.

ಹುಳು ಮಾತ್ರ ತೋಟ ಬಿಟ್ಟು ಹೊರಬಿದ್ದಿತ್ತು. ಉತ್ತರ ಹಿಂದೂಸ್ಥಾನದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಅದು ಊರೂರಿನಲ್ಲಿ ತಿಂದು ಮುಗಿಸಿತು. ಬಣ್ಣಕ್ಕಾಗಿ ತಂದದ್ದು ಕಳೆ ಕೀಳುವ ಆಳಾಯಿತು. ಇದನ್ನು ಕಂಡ ಸರ್ಕಾರ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಹುಳುವನ್ನು ಬೇಕೆಂದೇ ದಕ್ಷಿಣಕ್ಕೂ ತರಿಸಿತು. ಕಳೆಯನ್ನು ಕೀಟದಿಂದ ಕೊಲ್ಲಿಸುವ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಮೊದಲ ಪುಟದಲ್ಲಿ ನಮ್ಮ ಬೇಲಿಗಳನ್ನು ಹೆಸರಿಸುವುದು ಇದಕ್ಕಾಗಿಯೇ. ಆದರೆ ದಕ್ಷಿಣದಲ್ಲಿ ಹೆಚ್ಚಾಗಿ ಹಬ್ಬಿದ್ದ ಪಾಪಾಸುಕಳ್ಳಿ ಬೇರೆ ಜಾತಿಯದು. ಹುಳು ಅದನ್ನು ಮೂಸಿಯೂ ನೋಡಲಿಲ್ಲ. ಹೀಗೆ ಇನ್ನೊಂದು ಅರವತ್ತು ಎಪ್ಪತ್ತು ವರ್ಷಗಳ ಆಯುಸ್ಸು ನಮ್ಮ ಬೇಲಿಗೆ ದೊರೆಯಿತು. ಆ ಅವಧಿಯಲ್ಲಿ ಮುಳ್ಳಿನ ಬೇಲಿಯನ್ನು ಯಾರು ಯಾವುದಕ್ಕೆ ಬಳಸಬಹುದು ಎಂಬುದರ ಮೇರೆಯನ್ನೂ ಈ ದೇಶ ಕಂಡಿತು. ಅದಕ್ಕಾಗಿ ಸ್ವಲ್ಪ ಹೊತ್ತು ಉತ್ತರಕ್ಕೆ ಹೋಗಿಬರಬೇಕು.

ಉಪ್ಪಿನ ತೆರಿಗೆ ಎಂದೊಡನೆ ನಮಗೆ 1930ರ ದಂಡಿಯ ನೆನಪು, ಅಂಕೋಲೆಯ ಕಡಲತೀರದ ನೆನಪು. ಅದಕ್ಕೆ ಅರವತ್ತು ವರ್ಷ ಹಿಂದೆ ಆ ತೆರಿಗೆಯನ್ನು ಕಾಯಲು ಇಂಗ್ಲಿಷರು ಒಂದು ಬೇಲಿ ಬೆಳೆಸಿದ್ದರು. ಉತ್ತರದ ಬಂಗಾಳ ಆಧಿಪತ್ಯದ ಪ್ರಾಂತಗಳಲ್ಲಿ ಒಂದು ಮಣ ಉಪ್ಪಿಗೆ, ಅಂದರೆ ಸುಮಾರು 37 ಕಿಲೋಗ್ರಾಮಿಗೆ, ಮೂರು ರೂಪಾಯಿಯೋ ಅದಕ್ಕೂ ಮೇಲೆಯೋ ಸುಂಕ. ಮದರಾಸು, ಮುಂಬಯಿಗಳಲ್ಲಿ ಎರಡು ರೂಪಾಯಿಗೂ ಕಡಿಮೆ. ರಾಜಪುತಾನದ ದೇಶೀಯ ಸಂಸ್ಥಾನಗಳಲ್ಲಿ ಸಾಂಭರ್ ಸರೋವರದ ಉಪ್ಪು ಇನ್ನೂ ಅಗ್ಗ. ಅಗ್ಗದ ಉಪ್ಪು ಉತ್ತರಕ್ಕೆ ನುಸುಳದಂತೆ, ಸಿಂಧೂ ನದಿಯಿಂದ ಮಹಾನದಿಯವರೆಗೆ, 1869ರ ಹೊತ್ತಿಗೆ ಸುಮಾರು 2300 ಮೈಲಿ ಉದ್ದದ ಸುಂಕದ ಗಡಿಯನ್ನು ಎಳೆದರು. ಅದನ್ನು ಕಾಯಲು ಸುಮಾರು 12,000 ಜನರನ್ನು ನಿಲ್ಲಿಸಿದರು.

ಮೊದಲು ಅಲ್ಲಿ ಹಾಕಿದ್ದು ಒಣಮುಳ್ಳು. ಗೆದ್ದಲು ತಿಂದಿತು, ಬಿರುಗಾಳಿ ಹಾರಿಸಿತು, ಬೆಂಕಿ ಸುಟ್ಟಿತು. 1867ರಲ್ಲಿ ಈ ಸುಂಕದ ಇಲಾಖೆಯ ಮುಖ್ಯನಾಗಿ ಬಂದ ಅಧಿಕಾರಿ ಹಸಿಬೇಲಿಯೇ ಆಗಬೇಕೆಂದು ಹಟ ಹಿಡಿದ. ಜಾಲಿ, ಎಲಚಿ, ಕವಳಿ, ಪಾಪಾಸುಕಳ್ಳಿ, ಹಾಲುಗಳ್ಳಿ, ಯಾವ ಮಣ್ಣಿಗೆ ಯಾವುದು ಹೊಂದುತ್ತದೆಯೋ ಅದನ್ನು ನೆಡಿಸಿದ; ಗಟ್ಟಿನೆಲದಲ್ಲಿ ಅಗಳು ತೋಡಿ ಒಳ್ಳೆಯ ಮಣ್ಣು ತುಂಬಿಸಿದ; ನೆರೆ ಬರುವಲ್ಲಿ ಏರಿ ಹಾಕಿಸಿದ. 1870ರ ದಶಕದ ಕೊನೆಯ ಹೊತ್ತಿಗೆ, ಹಸಿಯೂ ಒಣಗಿದ್ದೂ ಸೇರಿ ಸಾವಿರ ಮೈಲಿಗೂ ಮೀರಿ ಬೇಲಿ ನಿಂತಿತ್ತು. ಚೆನ್ನಾಗಿ ಬೆಳೆದೆಡೆಯಲ್ಲಿ ಹತ್ತರಿಂದ ಹದಿನಾಲ್ಕು ಅಡಿ ಎತ್ತರ, ಆರರಿಂದ ಹನ್ನೆರಡು ಅಡಿ ದಪ್ಪ. ಚೀನದ ಮಹಾಗೋಡೆಗೆ ಇದನ್ನು ಹೋಲಿಸಿದ ಇಂಗ್ಲಿಷರೂ ಉಂಟು. ಆ ಅಧಿಕಾರಿಯ ಹೆಸರು ಅಲನ್ ಆಕ್ಟೇವಿಯನ್ ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದ ಹ್ಯೂಮನೇ. ಉಪ್ಪಿನ ಸತ್ಯಾಗ್ರಹ ಹೂಡಿದ ಸಂಸ್ಥೆಯ ಜನಕ ಉಪ್ಪಿನ ಬೇಲಿಯನ್ನೂ ನೆಟ್ಟವನು! ಮನುಷ್ಯರನ್ನು ಒಂದೇ ಬಣ್ಣದಲ್ಲಿ ಬರೆಯಲು ಚರಿತ್ರೆ ಬಿಡುವುದಿಲ್ಲ.

ಹೊಲದ ಬೇಲಿಗೂ ಈ ಬೇಲಿಗೂ ಗಿಡಗಳು ಅವೇ, ಮುಳ್ಳು ಅದೇ. ಆದರೆ ರೈತನ ಬೇಲಿ ಬೆಳೆಗೂ ದನಕ್ಕೂ ನಡುವೆ ನಿಂತಿತ್ತು. ಇದು ಗಂಜಿಗೂ ಉಪ್ಪಿಗೂ ನಡುವೆ ನಿಂತಿತು. ಸೆರಗಿನಲ್ಲಿ ಒಂದು ಹಿಡಿ ಉಪ್ಪು ಕಟ್ಟಿಕೊಂಡು ಕಂಡಿಯಲ್ಲಿ ದಾಟಿದವರನ್ನು ಹಿಡಿದು ದಂಡ ಹಾಕಿದರು, ಸೆರೆಗೆ ಕಳುಹಿಸಿದರು.

ಇದನ್ನು ಕಿತ್ತದ್ದು ಕರುಣೆಯಿಂದಲ್ಲ, ಲೆಕ್ಕಾಚಾರದಿಂದ. ಸಾಂಭರ್ ಸರೋವರವನ್ನು 1870ರಲ್ಲಿ ಗುತ್ತಿಗೆಗೆ ಪಡೆದು, ಉಪ್ಪು ಹುಟ್ಟುವಲ್ಲಿಯೇ ಸುಂಕ ವಸೂಲು ಮಾಡುವ ಏರ್ಪಾಡಾಯಿತು. ಎಲ್ಲ ಪ್ರಾಂತಗಳ ಸುಂಕವನ್ನೂ ಹತ್ತಿರ ಹತ್ತಿರ ತಂದರೆ ಬೇಲಿಯೇ ಬೇಡ. ಹತ್ತಿರ ತರುವುದೆಂದರೆ ಉತ್ತರದಲ್ಲಿ ಸ್ವಲ್ಪ ಇಳಿಸಿ, ದಕ್ಷಿಣದಲ್ಲಿ ಬಹಳ ಏರಿಸುವುದು. ಮದರಾಸು, ಮುಂಬಯಿಗಳಲ್ಲಿ ಮಣಕ್ಕೆ ಒಂದು ರೂಪಾಯಿ ಹದಿಮೂರು ಆಣೆಯಿದ್ದದ್ದು ಎರಡು ರೂಪಾಯಿ ಎಂಟು ಆಣೆಯಾಯಿತು. ಯಾವಾಗ? 1877ರ ಕೊನೆಯಲ್ಲಿ. ಆ ಇಸವಿಯನ್ನು ಕೇಳಿದ ಕೂಡಲೆ ಹಳೆಯ ಮೈಸೂರಿನವರಿಗೆ ಮೈ ಜುಮ್ಮೆನ್ನಬೇಕು. ಅದು ಧಾತು ಈಶ್ವರ ಸಂವತ್ಸರಗಳ ಬರದ ಕಾಲ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. 1879ರ ಏಪ್ರಿಲ್ 1ರಂದು ಉತ್ತರದ ಬೇಲಿಯನ್ನು ಬಿಟ್ಟುಬಿಟ್ಟರು. ಅದನ್ನು ಕೀಳುವ ಖರ್ಚಿನ ಒಂದು ಪಾಲನ್ನು ಹಸಿದ ದಕ್ಷಿಣ ತನ್ನ ಉಪ್ಪಿನಲ್ಲಿ ತೆತ್ತಿತ್ತು ಎನ್ನಬಹುದು. ಇಷ್ಟು ದೊಡ್ಡ ಬೇಲಿ ಜನರ ನೆನಪಿನಿಂದ ಹೇಗೆ ಅಳಿಯಿತೆಂದರೆ, ರಾಯ್ ಮಾಕ್ಸಮ್ ಎಂಬ ಇಂಗ್ಲಿಷ್ ಲೇಖಕ ವರ್ಷಗಟ್ಟಲೆ ಹುಡುಕಿ, 1998ರಲ್ಲಿ ಚಂಬಲ್ ಕಣಿವೆಯ ಕಡೆ ಒಂದಿಷ್ಟು ಏರಿಯನ್ನೂ ಅದರ ಮೇಲೆ ಕೆಲವು ಮುಳ್ಳುಗಿಡಗಳನ್ನೂ ಕಂಡನು. 2001ರಲ್ಲಿ ಅವನ ಪುಸ್ತಕ ಬಂದಮೇಲೆಯೇ ನಮ್ಮಂಥವರಿಗೆ ಇದು ತಿಳಿದದ್ದು.

ಈಗ ನಮ್ಮ ಕಡೆಗೆ ಮರಳೋಣ. ನನ್ನ ಹುಟ್ಟೂರು ಸಿರಾ ಸೀಮೆಯ ಒಂದು ಹಳ್ಳಿ. ನನ್ನ ಅಜ್ಜಿ ಮದುವೆಯಾಗಿ ಬಂದಾಗ, ಊರ ಸುತ್ತಲೂ ಹೊಲಗಳ ನಡುವೆಯೂ ಪಾಪಾಸುಕಳ್ಳಿಯದೇ ರಾಜ್ಯ. ಎರಡಾಳೆತ್ತರ, ಗಾಡಿಯಗಲ. ಹಾವು, ಮುಂಗುಸಿ, ಗೌಜಲಹಕ್ಕಿಗಳಿಗೆ ಅದೇ ಮನೆ. ಆರೋಗ್ಯದ ಅಧಿಕಾರಿಗಳು ಬಂದು ಊರ ಕೊಳಕಿಗೆಲ್ಲ ಅದೇ ಮರೆಯೆಂದು ಬೈದುಹೋಗುತ್ತಿದ್ದರಂತೆ. ಬರ ಬಂದ ವರ್ಷ ಅದೇ ಅನ್ನ: ಹಣ್ಣನ್ನು ಕಲ್ಲಿಗೆ ತಿಕ್ಕಿ ಸುಂಕು ತೆಗೆದು ಮಕ್ಕಳಿಗೆ; ಹಾಳೆಯ ಮುಳ್ಳನ್ನು ಉರಿಯಲ್ಲಿ ಸುಟ್ಟು, ಕೊಚ್ಚಿ, ದನಗಳಿಗೆ. ದನ ಮುಟ್ಟದ ಬೇಲಿಯನ್ನು ದನಕ್ಕೇ ತಿನ್ನಿಸಿ ಉಳಿಸಿಕೊಂಡ ವರ್ಷಗಳನ್ನು ಅಜ್ಜಿ ಎಣಿಸಿ ಹೇಳುತ್ತಿದ್ದಳು.

1926ರಲ್ಲಿ, ಆಸ್ಟ್ರೇಲಿಯಕ್ಕೂ ಅಲ್ಲಿಂದ ಸಿಂಹಳಕ್ಕೂ ಹೋಗಿದ್ದ ಇನ್ನೊಂದು ಜಾತಿಯ ಕಿರಮಂಜಿ ಹುಳುವನ್ನು ದಕ್ಷಿಣ ಭಾರತಕ್ಕೆ ತಂದರು. ಇದು ನಮ್ಮ ಪಾಪಾಸುಕಳ್ಳಿಯನ್ನೇ ಹುಡುಕಿಕೊಂಡು ಬಂದಂತಿತ್ತು. ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ, ಯಾರೋ ಗಾಡಿಯಲ್ಲಿ ಹುಳು ಹತ್ತಿದ ಹಾಳೆಗಳನ್ನು ತಂದು ಬೇಲಿಯ ಮೇಲೆ ಎಸೆದು ಹೋದರು. ಕಳ್ಳಿಗೆ ಬೂದಿ ಬಳಿದಂತೆ ಬಿಳುಪು ಹತ್ತಿತು. ಆ ಬಿಳುಪನ್ನು ಬೆರಳಲ್ಲಿ ಹಿಸುಕಿದರೆ ರಕ್ತ. ಊರಮ್ಮನಿಗೆ ಕೋಪ ಬಂದಿದೆಯೆಂದು ಹರಕೆ ಹೊತ್ತವರೂ ಉಂಟಂತೆ. ಒಂದಾನೊಂದು ಕಾಲದಲ್ಲಿ ಆಂಡರ್ಸನ್ ಕನಸಿನಲ್ಲಿ ಕಂಡಿದ್ದ ಕೆಂಪು, ನಮ್ಮ ಊರಿನ ಹೆಂಗಸರ ಬೆರಳಿಗೆ ಹತ್ತಿದಾಗ ಅದಕ್ಕೆ ಕಾಸಿನ ಬೆಲೆಯಿರಲಿಲ್ಲ. ಐದಾರು ವರ್ಷಗಳಲ್ಲಿ ಬೇಲಿ ಕರಗಿ, ಕೊಳೆತು, ಮಣ್ಣಾಯಿತು. ಹೊಲವನ್ನು ಮೇಯುತ್ತಿದ್ದ ಬೇಲಿಯನ್ನು ಹುಳು ಮೇಯ್ದಿತ್ತು.

ಬೇಲಿ ಹೋದಮೇಲೆ ಉಳಿದದ್ದು ಅದು ನಿಂತಿದ್ದ ನೆಲ. ಗಾಡಿಯಗಲದ, ಫರ್ಲಾಂಗುಗಟ್ಟಲೆ ಉದ್ದದ, ಕೊಳೆತ ಕಳ್ಳಿಯ ಗೊಬ್ಬರ ತಿಂದು ಕೊಬ್ಬಿದ ಮಣ್ಣಿನ ಪಟ್ಟಿ. ನಮ್ಮ ಹೊಲಕ್ಕೂ ನೆರೆಯವರ ಹೊಲಕ್ಕೂ ನಡುವೆ ಅಂಥದೊಂದು ಪಟ್ಟಿ ತೆರೆದುಕೊಂಡಿತು. ನಮ್ಮ ತಾತ ಈ ಕಡೆಯಿಂದ ಉತ್ತರು, ನೆರೆಯವರು ಆ ಕಡೆಯಿಂದ ಉತ್ತರು. ನೇಗಿಲುಗಳು ನಡುವೆ ಸಂಧಿಸಿದವು. ಮೊದಲು ಬೈದಾಟ, ಆಮೇಲೆ ದೊಣ್ಣೆ, ಕೊನೆಗೆ ಕಚೇರಿ. ಹತ್ತೊಂಬತ್ತು ವರ್ಷ ವ್ಯಾಜ್ಯ ನಡೆಯಿತು. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯನ್ನು ತಾವು ಕೇಳಿರಬಹುದು. ಇಲ್ಲಿ ಆ ಸಾಕ್ಷಿಯೂ ಸತ್ತಿತ್ತು. ಕಳ್ಳಿಯ ಬುಡ ಎಲ್ಲಿತ್ತೆಂದು ಮುದುಕರು ಬಂದು ಪ್ರಮಾಣ ಮಾಡಿದರು. ಕಡೆಗೆ ಪಟ್ಟಿಯನ್ನು ಉದ್ದಕ್ಕೆ ಸೀಳಿ ಅರ್ಧರ್ಧ ಹಂಚಿ ತೀರ್ಪಾಯಿತು. ಆ ತೀರ್ಪಿನ ನಕಲು ನಮ್ಮ ಮನೆಯ ಪೆಟ್ಟಿಗೆಯಲ್ಲಿತ್ತು. ಎಂ.ಎ. ಓದುವಾಗ ಹಳೆಯ ದಾಖಲೆಯ ಭಾಷೆ ನೋಡುವ ಕುತೂಹಲದಿಂದ ಅದನ್ನು ಓದಿ, ಬಹಳ ಹೆಮ್ಮೆಯಿಂದ ಅಜ್ಜಿಗೂ ಓದಿ ಹೇಳಿದೆ.

ಅಜ್ಜಿ ಪೂರ್ತಿ ಕೇಳಿ, "ದಾರಿ ವಿಚಾರ ಬರೆದಿಲ್ವಾ?" ಎಂದಳು.

ಯಾವ ದಾರಿ? ಕಳ್ಳಿಯ ಸಾಲಿನ ಮಗ್ಗುಲಲ್ಲಿಯೇ, ಅದರ ಮರೆಯಲ್ಲಿ, ಒಂದು ಕಾಲುದಾರಿ ಇತ್ತಂತೆ. ಊರೊಳಗೆ ಹಾದುಹೋಗಲು ಅಪ್ಪಣೆಯಿಲ್ಲದ ಕೇರಿಯವರು ನೀರಿನ ಗುಂಡಿಗೆ, ಕೂಲಿಯ ಹೊಲಗಳಿಗೆ, ತಮ್ಮ ಸುಡುಗಾಡಿಗೆ ಹೋಗುತ್ತಿದ್ದದ್ದು ಅದೇ ದಾರಿಯಲ್ಲಿ. ಬೇಲಿ ಅವರನ್ನು ಊರಿನ ಕಣ್ಣಿಂದ ಮರೆಮಾಡುತ್ತಿತ್ತು. ಮರೆಮಾಡುತ್ತಲೇ ಅವರಿಗೊಂದು ದಾರಿಯನ್ನೂ ಉಳಿಸಿಕೊಟ್ಟಿತ್ತು. ಮುಳ್ಳಿನ ಬುಡದವರೆಗೆ ನೇಗಿಲು ಬರುವುದಿಲ್ಲವಷ್ಟೆ! ಬೇಲಿ ಸತ್ತ ಮೇಲೆ ಎರಡು ಕಡೆಯ ನೇಗಿಲೂ ಸೇರಿ ಆ ದಾರಿಯನ್ನು ಉತ್ತುಬಿಟ್ಟವು. ಹತ್ತೊಂಬತ್ತು ವರ್ಷ ಕಚೇರಿಯಲ್ಲಿ ಕಾದಾಡಿದ ಎರಡು ಮನೆಯವರಲ್ಲಿ ಯಾರೂ, ಅವರ ವಕೀಲರಲ್ಲಿ ಯಾರೂ, ಆ ದಾರಿಯ ಮಾತೆತ್ತಲಿಲ್ಲ. ಅದರ ಬಗ್ಗೆ ಅವರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಕೇರಿಯವರು ಅಂದಿನಿಂದ ಕೆರೆಯ ಏರಿಯನ್ನು ಬಳಸಿಕೊಂಡು ಹೋಗುತ್ತಾರೆ, ಹೆಣವನ್ನೂ ಹಾಗೆಯೇ ಹೊರುತ್ತಾರೆ. ಹೆಚ್ಚುಕಡಿಮೆ ಒಂದೂವರೆ ಮೈಲಿ ಸುತ್ತು.

ಆಮೇಲಿನ ಬೇಲಿಗಳ ಮಾತು ಬೇಗ ಮುಗಿಯುತ್ತದೆ. ಕಳ್ಳಿ ಹೋದೆಡೆ ಕೆಲವರು ಕತ್ತಾಳೆ ನೆಟ್ಟರು, ಕೆಲವರು ಒಣಜಾಲಿ ಹಾಕಿದರು. 1809ರಲ್ಲಿ ಕಲ್ಕತ್ತೆಯ ತೋಟಕ್ಕೆ ಅಂದದ ಬೇಲಿಗಿಡವೆಂದು ಬಂದ ಲಂಟಾನ ಕಾಡಿಗೆ ಕಾಡನ್ನೇ ಮೇಯ್ದಿತು. ಇಂದು ಮಲೆಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ ಮೇಜು ಹೆಣೆಯುತ್ತಾರೆಂಬುದೊಂದೇ ಸಮಾಧಾನ. 1874ರಲ್ಲಿ ಅಮೆರಿಕದ ಗ್ಲಿಡನ್ ಎಂಬ ರೈತ ಹಕ್ಕುಪತ್ರ ಪಡೆದ ಮುಳ್ಳುತಂತಿ ಈಗ ನಮ್ಮ ಎಲ್ಲ ಹೊಲಗಳಿಗೂ ಬಂದಿದೆ. ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ಆನೆಗೆಂದು ವಿದ್ಯುತ್ತಿನ ತಂತಿ, ರೈಲುಕಂಬಿಯ ತಡೆ. ಪಟ್ಟಣದಲ್ಲಿ ನಮ್ಮನಿಮ್ಮ ಕಾಂಪೌಂಡಿನ ಮೇಲೆ ಒಡೆದ ಗಾಜು. ಇವು ಯಾವುವೂ ಬೆಳೆಯುವುದಿಲ್ಲ, ಹೂ ಬಿಡುವುದಿಲ್ಲ, ಬರಗಾಲದಲ್ಲಿ ಹಣ್ಣು ಕೊಡುವುದಿಲ್ಲ. ಹೊಲವನ್ನೂ ಮೇಯುವುದಿಲ್ಲ, ಅದು ನಿಜ.

ಕಳೆದ ವರ್ಷ ನನ್ನ ತಮ್ಮ ಆ ಹೊಲದ ಸುತ್ತ ಕಲ್ಲುಕಂಬ ನಿಲ್ಲಿಸಿ ಐದು ಸಾಲು ಮುಳ್ಳುತಂತಿ ಎಳೆಸಿದ. ಕೆಲಸ ನಡೆಯುತ್ತಿರುವಾಗ ನಾನು ದೂರವಾಣಿಯಲ್ಲಿ, ಹಳೆಯ ಕಳ್ಳಿಸಾಲಿನ ತುದಿಗೆ ಒಂದಾಳು ದಾಟುವಷ್ಟು ಕಂಡಿ ಬಿಡು, ಈ ಕಡೆ ಒಂದು ಗಜ ಅಗಲದ ದಾರಿಯನ್ನೂ ಬಿಡು ಎಂದೆ. ಅವನಿಗೆ ಆಶ್ಚರ್ಯವಾಯಿತು. "ಅಲ್ಲಿ ಯಾರು ಓಡಾಡ್ತಾರಣ್ಣ?" ಎಂದ. ತೊಂಬತ್ತು ವರ್ಷಗಳಿಂದ ಅಲ್ಲಿ ಯಾರೂ ಓಡಾಡಿಲ್ಲ; ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.